ಎರಿ ನಾಡಿನ ಮಟ್ಟಮೀಮಾಂಸೆ

(ಯಾವಗಲ್ ಸೀಮೆಯ ಕಾಂಕ್ರೀಟ್ ನೆಲಗಳನ್ನು ಕುರಿತ ಸಂಶೋಧನ ಪ್ರಬಂಧದ ಸಂಗ್ರಹ. ಯಾವ ವಿಶ್ವವಿದ್ಯಾಲಯವೂ ಇದನ್ನು ಬರೆಯಿರೆಂದು ಕೇಳಿರಲಿಲ್ಲ.)

ಜಗತ್ತಿನಲ್ಲಿ ಮಟ್ಟವಾದ ನೆಲ ಎಂಬುದು ಇದೆಯೇ? ಇದ್ದರೆ ಯಾರ ಮನೆಯಲ್ಲಿದೆ? ಇಲ್ಲದಿದ್ದರೆ ಅದಕ್ಕೆ ಚದರಡಿ ಲೆಕ್ಕದಲ್ಲಿ ಕೂಲಿ ಏಕೆ ಕೊಡಬೇಕು? ಈ ಮೂರು ಪ್ರಶ್ನೆಗಳೇ ಪ್ರಸ್ತುತ ಪ್ರಬಂಧದ ವಸ್ತು. ಮೊದಲ ಎರಡನ್ನು ತತ್ತ್ವಜ್ಞಾನಿಗಳಿಗೆ ಬಿಡಬಹುದು. ಮೂರನೆಯದನ್ನು ಕೇಳಿದವರ ಮನೆಗೆ ಮರುದಿನ ಗೌಂಡಿ ಬರುವುದಿಲ್ಲವಾದ್ದರಿಂದ ಅದು ಇಂದಿಗೂ ಅನಿರ್ಣೀತವಾಗಿ ಉಳಿದಿದೆ.

ಅಧ್ಯಯನಕ್ಕೆ ರೋಣ ತಾಲೂಕಿನ ಯಾವಗಲ್ಲನ್ನೇ ಏಕೆ ಆರಿಸಿದಿರಿ ಎಂದು ಪರೀಕ್ಷಕರು ಕೇಳಬಹುದು. ಕಾರಣ ನೆಲದ ಅಡಿಗಿದೆ. ಇದು ಎರಿ ಭೂಮಿ, ಅಂದರೆ ಕಪ್ಪು ಮಣ್ಣು. ಬಿಳಿಜೋಳಕ್ಕೆ, ಕಡಲೆಗೆ, ಹತ್ತಿಗೆ ತಾಯಿ. ಮನೆ ಕಟ್ಟುವವನಿಗೆ ಮಲತಾಯಿ. ಈ ಮಣ್ಣಿನೊಳಗೆ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜವಿದೆ. ಮಳೆಗಾಲದಲ್ಲಿ ಅದು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗಿ ಕೈ ತೂರುವಷ್ಟು ಬಾಯಿ ಬಿಡುತ್ತದೆ. ಅದರ ಮೇಲೆ ಕೂತ ನೆಲವೂ ಭಾದ್ರಪದದಲ್ಲಿ ತುಸು ಮೇಲೆದ್ದು ಚೈತ್ರದಲ್ಲಿ ಕೆಳಗಿಳಿಯುತ್ತದೆ. ಹೀಗಾಗಿ ಈ ಸೀಮೆಯಲ್ಲಿ ‘ನಿಮ್ಮ ನೆಲ ಮಟ್ಟ ಇದೆಯೇ’ ಎಂದು ಕೇಳುವುದು ಅಶಾಸ್ತ್ರೀಯ. ‘ಯಾವ ಮಾಸದಲ್ಲಿ’ ಎಂದೂ ಸೇರಿಸಿ ಕೇಳಬೇಕು. ಪಂಚಾಂಗದಲ್ಲಿ ರಾಹುಕಾಲದ ಪಕ್ಕ ಮಟ್ಟಕಾಲಕ್ಕೂ ಒಂದು ಕಾಲಂ ಇರಬೇಕೆಂಬುದು ನಮ್ಮ ಬಹುಕಾಲದ ಬೇಡಿಕೆ.

ಪಕ್ಕದ ಬಾದಾಮಿಯವರಿಗೆ ಈ ಗೋಳಿಲ್ಲ. ಅಲ್ಲಿಯ ಮೂರನೆಯ ಗುಹೆಯಲ್ಲಿ ಚಾಲುಕ್ಯ ಮಂಗಲೇಶ ಬರೆಸಿದ, ಕ್ರಿ.ಶ. 578ರ ಶಾಸನವಿದೆ. ಆ ಗುಹೆಯ ನೆಲವನ್ನು ಯಾರೂ ಹಾಕಲಿಲ್ಲ, ಕಡಿದರು. ಒಂದು ಚೀಲ ಸಿಮೆಂಟಿಲ್ಲ, ಬುಟ್ಟಿ ಉಸುಕಿಲ್ಲ, ಕ್ಯೂರಿಂಗಿನ ತಕರಾರಿಲ್ಲ. ಮರಳುಗಲ್ಲಿನಲ್ಲಿ ಉಬ್ಬಿದ್ದನ್ನು ಚಾಣದಿಂದ ತೆಗೆದರಾಯಿತು. ಚಾಲುಕ್ಯರ ಸಾಮ್ರಾಜ್ಯ ವಿಸ್ತಾರಕ್ಕೆ ಇತಿಹಾಸಕಾರರು ಏನೇನೋ ಕಾರಣ ಕೊಡುತ್ತಾರೆ. ನೆಲ ಮಟ್ಟ ಮಾಡುವುದರಲ್ಲಿ ಉಳಿದ ಸಮಯವೂ ಒಂದು ಕಾರಣವೆಂದು ನಾವು ಸೂಚಿಸುತ್ತೇವೆ.

ಇನ್ನು ಪ್ರಮಾಣವಿಚಾರ. ನೆಲ ಮಟ್ಟವೆಂದು ತಿಳಿಯುವ ಬಗೆ ಯಾವುದು? ನಮ್ಮ ಗೌಂಡಿಗಳಲ್ಲಿ ಬಹುಮಂದಿ ಚಾರ್ವಾಕರು, ಪ್ರತ್ಯಕ್ಷವೊಂದನ್ನೇ ಒಪ್ಪುವವರು. ಒಂದು ಕಣ್ಣು ಮುಚ್ಚಿ, ಮಂಡಿಯೂರಿ, ಗಲ್ಲವನ್ನು ನೆಲಕ್ಕೆ ತಾಗಿಸಿ, ಆ ತುದಿಯಿಂದ ಈ ತುದಿಯವರೆಗೆ ನೋಡಿ ‘ಮಟ್ಟಸ ಐತ್ರಿ’ ಎಂದುಬಿಟ್ಟರೆ ಮುಗಿಯಿತು. ರಸಮಟ್ಟ ಇಟ್ಟು ನೋಡೋಣವೇ ಎಂದು ಮನೆಯ ಯಜಮಾನ, ವೃತ್ತಿಯಿಂದ ಶಾಲಾ ಶಿಕ್ಷಕ, ಕೇಳಿದ ಪ್ರಸಂಗ ನಮ್ಮ ಟಿಪ್ಪಣಿಗಳಲ್ಲಿದೆ. ಉತ್ತರ ಹೀಗೆ ಬಂತು: “ಮಾಸ್ತರ್ರ, ನೀವು ಸಾಲ್ಯಾಗ ಲೆಕ್ಕಾ ಕಲಸ್ರಿ, ನೆಲಾ ನಮಗ ಬಿಡ್ರಿ.” ಇದು ಶಬ್ದಪ್ರಮಾಣ. ಇದಕ್ಕೆ ಮೇಲ್ಮನವಿ ಇಲ್ಲ.

ಉಪಮಾನಪ್ರಮಾಣವೆಂದರೆ ಹಿಂದಿನ ಓಣಿಯ ಮನೆಯನ್ನು ತೋರಿಸುವುದು. ಅನುಪಲಬ್ಧಿಯೂ ಒಂದು ಪ್ರಮಾಣವೆಂದು ಭಾಟ್ಟ ಮೀಮಾಂಸಕರು ವಾದಿಸಿದ್ದಾರೆ: ಕಾಣದಿರುವುದರಿಂದಲೇ ಇಲ್ಲದಿರುವುದು ಸಿದ್ಧವಾಗುತ್ತದೆ. ಗೌಂಡಿಯ ಚೀಲದಲ್ಲಿ ರಸಮಟ್ಟ ಕಾಣಲಿಲ್ಲ. ಆದ್ದರಿಂದ ರಸಮಟ್ಟದ ಅಗತ್ಯವಿಲ್ಲ. ಕುಮಾರಿಲಭಟ್ಟ ಇದನ್ನು ಒಪ್ಪುತ್ತಿದ್ದನೋ ಇಲ್ಲವೋ, ಯಾವಗಲ್ಲಿನಲ್ಲಿ ಇದು ನಡೆಯುತ್ತದೆ.

ಆ ರಸಮಟ್ಟಕ್ಕೂ ಒಂದು ವಂಶಾವಳಿಯಿದೆ. ಗಾಜಿನ ನಳಿಗೆಯಲ್ಲಿ ದ್ರವ ತುಂಬಿ, ಒಂದು ಗುಳ್ಳೆ ಬಿಟ್ಟು, ಆ ಗುಳ್ಳೆ ನಡುವೆ ನಿಂತರೆ ಮಟ್ಟ ಎಂದವನು ಫ್ರಾನ್ಸಿನ ಮೆಲ್ಕಿಸೆದೆಕ್ ಥೆವೆನೋ, 1661ರ ಸುಮಾರಿಗೆ. ಅದಕ್ಕೂ ಬಹಳ ಹಿಂದೆ ರೋಮಿನ ವಿಟ್ರುವಿಯಸ್ ‘ಕೊರೊಬೇಟಿಸ್’ ಎಂಬ ಇಪ್ಪತ್ತು ಅಡಿ ಉದ್ದದ ಹಲಗೆಯನ್ನು ವರ್ಣಿಸಿದ್ದಾನೆ. ಅದಕ್ಕೆ ತೂಗುಗುಂಡುಗಳನ್ನು ಇಳಿಬಿಟ್ಟು ಮಟ್ಟ ನೋಡುತ್ತಿದ್ದರು. ಗಾಳಿ ಬೀಸಿ ದಾರ ಅಲ್ಲಾಡಿದರೆ ಹಲಗೆಯ ಮೇಲಿನ ಕಾಲುವೆಯಂಥ ಕೊರಕಲಿಗೆ ನೀರು ಹೊಯ್ಯಿರಿ ಎಂದೂ ಅವನೇ ಹೇಳಿದ. ವಿದ್ಯುತ್ತಿಗಾಗಿ ಗಾಳಿಯಂತ್ರಗಳನ್ನೇ ನೆಟ್ಟಿರುವ ಗದಗ ಜಿಲ್ಲೆಗೆ ಅವನು ಬಂದಿದ್ದರೆ ತೂಗುಗುಂಡಿನ ವಾಕ್ಯವನ್ನು ಹೊಡೆದುಹಾಕಿ ನೀರಿನದೊಂದನ್ನೇ ಉಳಿಸುತ್ತಿದ್ದ.

ನೀರಿನ ಪ್ರಸ್ತಾಪ ಬಂದದ್ದರಿಂದ, ಈ ಶಾಸ್ತ್ರದ ಸಾರವೆನ್ನಬಹುದಾದ ಪೈಪಿಗೆ ಬರೋಣ. ಮೂವತ್ತು ಅಡಿ ಪಾರದರ್ಶಕ ಪ್ಲಾಸ್ಟಿಕ್ ಪೈಪು. ಇಷ್ಟು ಅಗ್ಗದ, ಇಷ್ಟು ಸತ್ಯವಂತ ಉಪಕರಣ ಮತ್ತೊಂದಿಲ್ಲ. ಒಳಗೆ ನೀರು ತುಂಬಿ ಎರಡೂ ತುದಿ ಮೇಲಕ್ಕೆ ಹಿಡಿದರೆ, ಕೋಣೆಯ ಎರಡು ಮೂಲೆಗಳಲ್ಲಿ ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದೆ. ಗೋಡೆ ಅಡ್ಡ ಬಂದರೂ ಬಾಗಿಲಾಚೆಗೆ ಮಟ್ಟ ಒಯ್ಯಬಹುದು. ಮೊದಲ ಮೂಲೆಯಲ್ಲಿ ನೆಲದಿಂದ ಒಂದು ಮೀಟರ್ ಎತ್ತರದಲ್ಲಿ ಗೆರೆ ಎಳೆದು, ಅದೇ ಗೆರೆಯನ್ನು ಮನೆಯ ತುಂಬ ಗೋಡೆಯಿಂದ ಗೋಡೆಗೆ ಸಾಗಿಸಿ, ಪ್ರತಿ ಗೆರೆಯಿಂದ ಟೇಪು ಹಿಡಿದು ಕೆಳಕ್ಕೆ ಅಳೆದರೆ ನೆಲದ ಬಂಡವಾಳ ಬಯಲಾಗುತ್ತದೆ.

ಪ್ರಯೋಗ ನಡೆಯುವುದು ಹೀಗೆ. ಈ ತುದಿಗೆ ಗೌಂಡಿ, ಆ ತುದಿಗೆ ಕೈಕೆಲಸದ ಹುಡುಗ. ಇಬ್ಬರ ಹೆಬ್ಬೆರಳೂ ಪೈಪಿನ ಬಾಯಿ ಮೇಲೆ. “ಬಿಡಲೇ” ಎನ್ನುತ್ತಾನೆ ಗೌಂಡಿ. ಇಬ್ಬರೂ ಬೆರಳು ತೆಗೆಯುತ್ತಾರೆ. ನೀರು ಮೇಲೆ ಕೆಳಗೆ ತುಯ್ಯುತ್ತದೆ. “ನಿಂತಿತೇನೋ?” “ಇಲ್ರಿ, ಕುಣ್ಯಾಕತ್ತೈತಿ.” ನಿಂತಿತು ಎನ್ನುವ ಹೊತ್ತಿಗೆ ಸರಿಯಾಗಿ ಚಹಾ ಬರುತ್ತದೆ. ಹುಡುಗ ಬೆರಳಿಡುವುದನ್ನು ಮರೆತು ಪೈಪಿನ ತುದಿ ಕೆಳಗಿಳಿಸುತ್ತಾನೆ. ಮೀಮಾಂಸೆಯೆಲ್ಲ ಅವನ ಚಡ್ಡಿಯ ಮೇಲೆ ಹರಿಯುತ್ತದೆ. ಮತ್ತೆ ನೀರು ತುಂಬುವ ಗಡಿಬಿಡಿಯಲ್ಲಿ ನಡುವೆ ಎಲ್ಲೋ ಒಂದು ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ. ಗುಳ್ಳೆ ಉಳಿದ ಪೈಪು ಸುಳ್ಳು ಹೇಳುತ್ತದೆ, ಅದೂ ಪೂರ್ಣ ಆತ್ಮವಿಶ್ವಾಸದಿಂದ. ಪೈಪನ್ನು ಬೆರಳಿನಿಂದ ತಟ್ಟುತ್ತ ಗುಳ್ಳೆಯನ್ನು ತುದಿಗೆ ಓಡಿಸುವ ತಾಳ್ಮೆಯಿರುವವನನ್ನೇ ನಾವು ಈ ಪ್ರಬಂಧದಲ್ಲಿ ‘ಆಚಾರ್ಯ’ ಎಂದು ಕರೆದಿದ್ದೇವೆ.

ನೀರು ತನ್ನ ಮಟ್ಟವನ್ನು ತಾನೇ ಕಂಡುಕೊಳ್ಳುತ್ತದೆ ಎಂಬ ತತ್ತ್ವ ಪೈಪಿನೊಳಗೆ ಮಾತ್ರ ನಿಜ. ಮಲಪ್ರಭಾ ಕಾಲುವೆಯ ಕೊನೆಯ ಹೊಲದವರ ಮುಂದೆ ಅದನ್ನು ಹೇಳುವ ಧೈರ್ಯ ನಮಗಿಲ್ಲ. ನೀರು ತಲುಪುವುದಕ್ಕೆ ಮೊದಲೇ ಅಭಿವೃದ್ಧಿ ಕರ ತಲುಪಿದಾಗ ಇದೇ ಸೀಮೆಯ ರೈತರು 1980ರ ಜುಲೈ 21ರಂದು ನರಗುಂದದಲ್ಲಿ ಎದ್ದು ನಿಂತರು. ಗುಂಡಿಗೆ ಜೀವಗಳು ಹೋದವು. ಇಳಿಜಾರಿನ ವಿಷಯದಲ್ಲಿ ಈ ನಾಡಿನವರು ತಮಾಷೆಯನ್ನು ಎಲ್ಲಿಯವರೆಗೆ ಸಹಿಸುತ್ತಾರೆ ಎಂಬುದನ್ನು ಸಂಶೋಧಕರು ನೆನಪಿಡಬೇಕು.

ಈಗ ಕಾಂಕ್ರೀಟನ್ನೇ ನೋಡೋಣ. 50 ಕಿಲೋ ಸಿಮೆಂಟಿನ ಒಂದು ಚೀಲಕ್ಕೆ 25 ಲೀಟರ್ ಆಸುಪಾಸು ನೀರು ಸಾಕು, ಅದರಲ್ಲಿ ಹಸಿ ಉಸುಕಿನೊಳಗಿನ ನೀರೂ ಸೇರಬೇಕು. ಇದು ಪುಸ್ತಕದ ಮಾತು. ಮಿಕ್ಸರಿನ ಪಕ್ಕದ ಬ್ಯಾರಲ್ಲಿಗೆ ಪುಸ್ತಕ ಓದಲು ಬರುವುದಿಲ್ಲ. ಗಟ್ಟಿ ಮಾಲನ್ನು ಪಟ್ಟಿಯಿಂದ ಎಳೆದರೆ ತೋಳು ನೋಯುತ್ತದೆ, ಇನ್ನೆರಡು ಬುಟ್ಟಿ ನೀರು ಹೊಯ್ದರೆ ಅದು ಅಂಬಲಿಯಾಗಿ ತಾನೇ ಹರಡಿಕೊಳ್ಳುತ್ತದೆ. ವಿದೇಶಗಳಲ್ಲಿ ಸಿಮೆಂಟಿಗೆ ಪಾಲಿಮರ್ ಬೆರೆಸಿದ ‘ಸೆಲ್ಫ್ ಲೆವೆಲಿಂಗ್’ ಪುಡಿಯನ್ನು ಕಲಸಿ ಸುರಿದು, ಮುಳ್ಳಿನ ರೋಲರ್ ಆಡಿಸಿ, ಕೆಲವು ಮಿಲಿಮೀಟರಿನ ಪದರ ಮಾಡುತ್ತಾರೆ. ಅದೇ ಫಲವನ್ನು ನಮ್ಮವರು ಬರಿಯ ಬೋರ್‌ವೆಲ್ ನೀರಿನಿಂದ ಸಾಧಿಸಿದ್ದಾರೆಂದು ಮೇಲ್ನೋಟಕ್ಕೆ ತೋರುತ್ತದೆ. ಭೇದ ತಿಳಿಯುವುದು ಆಮೇಲೆ. ಖಡಿ ತಳಕ್ಕಿಳಿದು, ನೀರೂ ಸಿಮೆಂಟಿನ ನಯವೂ ಮೇಲೆ ತೇಲುತ್ತವೆ. ಆ ತೇಲು ನೀರನ್ನು ಹೀರಿಸಲು ಒಣ ಸಿಮೆಂಟ್ ಚಿಮುಕಿಸಿ ಉಕ್ಕಿನ ಕರಣಿಯಿಂದ ತಿಕ್ಕಿದರೆ ನೆಲ ಕನ್ನಡಿಯಂತೆ ಹೊಳೆಯುತ್ತದೆ, ಗೃಹಪ್ರವೇಶದ ಫೋಟೋ ತೆಗೆಯುವವರೆಗೆ. ನಂತರ ಜೇಡರ ಬಲೆಯಂಥ ಗೆರೆಗಳು, ಅದಾದ ಮೇಲೆ ಹಪ್ಪಳದ ಹಾಗೆ ಏಳುವ ಪದರ, ಕೊನೆಗೆ ಎಷ್ಟು ಗುಡಿಸಿದರೂ ಮುಗಿಯದ ಬೂದಿ. ತೇಲಿದ ನೀರು ತಾನಾಗಿ ಆರುವವರೆಗೆ ಕರಣಿ ಮುಟ್ಟದೆ ಕೂರಬೇಕೆಂಬುದು ನಿಯಮ. ಸಂಜೆ ಆರರ ಬಸ್ಸು ಹಿಡಿಯಬೇಕಾದವನು ಹೇಗೆ ಕೂರಬೇಕೆಂಬುದಕ್ಕೆ ನಿಯಮದಲ್ಲಿ ಉತ್ತರವಿಲ್ಲ.

ಪಾಶ್ಚಾತ್ಯರ ಮತ್ತೊಂದು ಸೂಕ್ಷ್ಮವನ್ನು ಇಲ್ಲಿ ಕೊಂಡಾಡಲೇಬೇಕು. ಅಮೆರಿಕದವರು ನೆಲಕ್ಕೆ ಎರಡು ಬೇರೆ ಅಂಕ ಕೊಡುತ್ತಾರೆ. ಎಫ್‌ಎಫ್ ಎಂಬುದು ನೆಲ ಎಷ್ಟು ಸಪಾಟಾಗಿದೆ ಎಂಬುದಕ್ಕೆ, ಎಫ್‌ಎಲ್ ಎಂಬುದು ಎಷ್ಟು ಮಟ್ಟವಾಗಿದೆ ಎಂಬುದಕ್ಕೆ. ಒಂದೂ ತಗ್ಗುದಿಣ್ಣೆ ಇಲ್ಲದೆ ನೆಲವಿಡೀ ಒಂದೇ ಕಡೆಗೆ ವಾಲಿದ್ದರೆ ಮೊದಲನೆಯದರಲ್ಲಿ ಪಾಸು, ಎರಡನೆಯದರಲ್ಲಿ ಫೇಲು. ಕೋಟಿ ಬೆಲೆಯ ಗೋದಾಮುಗಳಲ್ಲಿ ಇದನ್ನು ಯಂತ್ರದಿಂದ ಅಳೆಯುತ್ತಾರೆ. ನಮ್ಮಲ್ಲಿ ಇದನ್ನೇ ಹೆಸರುಕಾಳಿನಿಂದ ಅಳೆಯಬಹುದು. ಪಡಸಾಲಿಯಲ್ಲಿ ಒಂದು ಹಿಡಿ ಕಾಳು ಚೆಲ್ಲಿ: ಅಲ್ಲಲ್ಲಿ ಗುಂಪುಗೂಡಿದರೆ ನೆಲ ಸಪಾಟಿಲ್ಲ, ಎಲ್ಲವೂ ಒಂದೇ ದಿಕ್ಕಿಗೆ ಉರುಳಿದರೆ ಸಪಾಟಿದೆ, ಮಟ್ಟವಿಲ್ಲ, ಚೆಲ್ಲಿದಲ್ಲೇ ನಿಂತರೆ ಕಾಳಿಗೆ ಹುಳು ಹತ್ತಿದೆ.

ಲೇಸರ್ ಪಂಥವೊಂದು ಈಚೆಗೆ ಪೇಟೆಗಳಲ್ಲಿ ತಲೆಯೆತ್ತಿದೆ. ಪೆಟ್ಟಿಗೆಯೊಂದು ಗೋಡೆಯ ಸುತ್ತ ಬಣ್ಣದ ಗೆರೆ ಬಿಡುತ್ತದೆ. ಗೆರೆ ಚೊಕ್ಕ. ಆದರೆ ಅದು ಹೇಳುವುದೂ ಪೈಪು ಹೇಳಿದ್ದನ್ನೇ.

ಎಲ್ಲ ಪ್ರಮಾಣಗಳಿಗಿಂತ ಬಲವಾದದ್ದು ಅರ್ಥಾಪತ್ತಿ. ಬೇರೆ ಯಾವ ಬಗೆಯಿಂದಲೂ ವಿವರಿಸಲಾಗದ್ದರಿಂದ ಒಪ್ಪಲೇಬೇಕಾದ ಜ್ಞಾನ ಅದು. ಮೇಲೆ ಹೇಳಿದ ಶಿಕ್ಷಕರ ಮನೆಯ ಹೆಣ್ಣುಮಗಳು ಮೊದಲ ದಿನದ ಸ್ನಾನದ ನಂತರ ಕೇಳಿದ ಮಾತು ಮೀಮಾಂಸಾಶಾಸ್ತ್ರದ ಪಠ್ಯಕ್ಕೆ ಸೇರಬೇಕು: “ಏನ್ರೀ ಗೌಂಡೇರ, ಬಚ್ಚಲ ನೀರು ದೇವರ ಕ್ವಾಣಿಗೆ ಬರಾಕತ್ತಾವಲ್ರೀ?” ಪೂರ್ವಪಕ್ಷಿ ಅಳುಕಲಿಲ್ಲ. “ಅಕ್ಕಾರ, ಗಂಗಿ ದೇವರ ಕಡೇನ ಹೊಕ್ಕಾಳ್ರಿ. ತುಸು ತಡೀರಿ, ನೆಲಾ ಕುಂದರತೈತಿ, ಎಲ್ಲಾ ಸರಿ ಆಕ್ಕೈತಿ.” ನಾಲ್ಕು ಅಡಿ ಬಚ್ಚಲಿಗೆ ಮುಕ್ಕಾಲು ಇಂಚು ಇಳಿಜಾರು ಸಾಕಿತ್ತು. ಇಳಿಜಾರು ಅಷ್ಟೇ ಇತ್ತು. ದಿಕ್ಕು ಮಾತ್ರ ಈಶಾನ್ಯಕ್ಕೆ ತಿರುಗಿತ್ತು. ವಾಸ್ತುವಿನವರು ಸಂತೋಷಪಟ್ಟರೆಂದು ಕೇಳಿದ್ದೇವೆ.

ನೆಲ ಕುಂದರತೈತಿ ಎಂಬ ಭವಿಷ್ಯವಾಣಿಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ನರಗುಂದದ ಹಳೆಯ ಓಣಿಗಳಲ್ಲಿ ಹಿಂದಿನವರು ಜೋಳ ತುಂಬಿಡಲು ತೋಡಿದ ಹಗೇವುಗಳಿವೆ. ಎಷ್ಟೋ ಮನೆಗಳ ಅಡಿಯಲ್ಲಿ ಅವು ಇರುವುದೇ ಈಗಿನವರಿಗೆ ಗೊತ್ತಿಲ್ಲ. ಈಚಿನ ವರ್ಷಗಳಲ್ಲಿ ಅಂತರ್ಜಲ ಮೇಲೆ ಬಂದು ಅಲ್ಲಿ ಭೂಮಿ ಕುಸಿಯತೊಡಗಿತು. ಮನೆಯೊಳಗಿನ ನೆಲವೇ ಬಾಯಿಬಿಟ್ಟಿತು. ಅಂಥ ನೆಲದ ಮೇಲೆ ಯಾವ ರಸಮಟ್ಟ ಇಟ್ಟು ಏನು ನೋಡುವುದು?

ಆದ್ದರಿಂದ ಸಿದ್ಧಾಂತಪಕ್ಷ, ತಮಾಷೆ ಬಿಟ್ಟು. ಎರಿಯಲ್ಲಿ ಮಟ್ಟ ಎನ್ನುವುದು ಮೇಲಿನ ಕರಣಿಯ ಕೆಲಸವಲ್ಲ, ಕೆಳಗಿನ ಸಲಿಕೆಯ ಕೆಲಸ. ಕಪ್ಪು ಮಣ್ಣನ್ನು ಅಗೆದು ಹೊರಹಾಕಬೇಕು. ಅಗೆದ ಅದೇ ಮಣ್ಣನ್ನು ಅಡಿಪಾಯದೊಳಗೆ ತುಂಬಿ ಟ್ರ್ಯಾಕ್ಟರ್ ಬಾಡಿಗೆ ಉಳಿಸುವವರೇ ಹೆಚ್ಚು, ಬಿರುಕಿನ ಬಹುಪಾಲು ಅಲ್ಲೇ ಹುಟ್ಟುತ್ತದೆ. ಗರಸು ತಂದು ಅರ್ಧರ್ಧ ಅಡಿ ಪದರ ಹಾಸಿ, ನೀರುಣಿಸಿ, ಪ್ರತಿ ಪದರವನ್ನೂ ಬಡಿದು ಗಟ್ಟಿ ಮಾಡಬೇಕು. ಅದರ ಮೇಲೆ ದಪ್ಪ ಖಡಿಯ ಬೆಡ್ಡು. ಮೇಲಿನ ನೆಲಕ್ಕೆ ಪೈಪಿನ ಗೆರೆಯಿಂದ ಅಳೆದು ಅಲ್ಲಲ್ಲಿ ಮಾಲಿನ ಗುರುತು ಇಟ್ಟು, ದಾರ ಕಟ್ಟಿ, ಗುರುತಿನಿಂದ ಗುರುತಿಗೆ ಅಲ್ಯುಮಿನಿಯಂ ಪಟ್ಟಿಯನ್ನು ಗರಗಸದಂತೆ ಆಡಿಸುತ್ತ ಎಳೆಯಬೇಕು. ಇಡೀ ಪಡಸಾಲಿ ಒಂದೇ ಬಾರಿಗೆ ಬೇಡ. ಚೌಕ ಮಾಡಿ ಒಂದು ಬಿಟ್ಟು ಒಂದು ತುಂಬಿದರೆ ಕುಗ್ಗುವಿಕೆಯ ಬಿರುಕು ಗೆರೆಯಲ್ಲೇ ಅಡಗುತ್ತದೆ.

ಆಮೇಲೆ ಕ್ಯೂರಿಂಗ್. ಭಾರತೀಯ ಮಾನಕ 456ರ ಪ್ರಕಾರ ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ. ಪಿಪಿಸಿಯಂಥ ಮಿಶ್ರ ಸಿಮೆಂಟಿಗೂ, ಒಣ ಬಿಸಿ ಹವೆಗೂ 10 ದಿನ. ನಮ್ಮ ಬಿಸಿಲಿಗೆ ಹತ್ತೇ ಲೆಕ್ಕ. ಅಂಚಿಗೆ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸುತ್ತಾರಲ್ಲ, ಆ ಹತ್ತು ದಿನವೂ ಆ ನೀರು ಎಲ್ಲಿ ಆಳ, ಎಲ್ಲಿ ತೆಳು ಎಂದು ನೆಲದ ತಗ್ಗುದಿಣ್ಣೆಯನ್ನು ಪುಕ್ಕಟೆಯಾಗಿ ತೋರಿಸುತ್ತಿರುತ್ತದೆ. ಯಾರೂ ಬಗ್ಗಿ ನೋಡುವುದಿಲ್ಲ. ಟೈಲ್ಸ್ ಕೂಡಿಸಿದ ಮೇಲೆ ಎಲ್ಲರೂ ಬಗ್ಗಿ ನೋಡುತ್ತಾರೆ.

ಈ ಪ್ರಬಂಧವನ್ನು ಒಪ್ಪದ ಓದುಗರು ತಮ್ಮ ಹೊಸ ಮನೆಯ ಬಚ್ಚಲಿಗೆ ಒಂದು ಕೊಡ ನೀರು ಸುರುವಿ, ಅದು ಎತ್ತ ಹರಿಯುತ್ತದೆ ಎಂದು ತಾವೇ ನೋಡಲಿ. ಆದರೆ ಗೌಂಡಿಯ ಲೆಕ್ಕ ಚುಕ್ತಾ ಮಾಡುವುದಕ್ಕಿಂತ ಮೊದಲು ನೋಡಲಿ.