ನಾಯಿ ಸಹಿತ ದಂಪತಿ: ವಾರಾಂತ್ಯದ ಬಳಕೆಯ ಕೈಪಿಡಿ

ನಿಮಗೆ ಮದುವೆಯಾಗಿ ಬಹಳ ದಿನವಾಗಿಲ್ಲ, ಮನೆಗೆ ನಾಯಿ ಬಂದಿದೆ, ಕಾರಿನ ಕಂತು ಇನ್ನೂ ತೀರಿಲ್ಲ. ಅಭಿನಂದನೆಗಳು. ಈ ಮೂರೂ ಕೂಡಿಬಂದವರು ಶನಿವಾರ ಬೆಳಿಗ್ಗೆ ಬೆಂಗಳೂರಿನಲ್ಲಿ ಇರಕೂಡದು ಎಂಬುದು ಈಗ ಹೆಚ್ಚುಕಡಿಮೆ ಕಾನೂನು. ಹೊರಡುವ ಮುನ್ನ ಈ ಕೈಪಿಡಿಯನ್ನು ಇಬ್ಬರೂ ಓದಿ. ನಾಯಿ ಓದಬೇಕಾಗಿಲ್ಲ, ಅದಕ್ಕೆ ಎಲ್ಲ ಗೊತ್ತಿದೆ.

ಮಾದರಿಗಳು

ಹಸ್ಕಿ: ಸೈಬೀರಿಯಾದ ಹಿಮಕ್ಕೆಂದು ಎರಡು ಪದರ ಕೂದಲು ಹೊದ್ದು ಹುಟ್ಟಿದ್ದು, ರಾಮನಗರದ ಬಂಡೆ ಹತ್ತುವುದಕ್ಕಲ್ಲ. ನಿಮ್ಮ ಮನೆಯಲ್ಲಿರುವುದು ಇದೇ ಆದರೆ ಕೈಪಿಡಿ ಮುಚ್ಚಿಟ್ಟು ಏಸಿ ಹಾಕಿ.

ಮುಧೋಳ: ಬಾಗಲಕೋಟೆ ಜಿಲ್ಲೆಯ ಹೆಮ್ಮೆ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು, 2016ರಲ್ಲಿ ಸೇನೆಯ ತರಬೇತಿಗೆಂದು ಮೀರತ್‌ಗೆ ಹೋಯಿತು. ಮೂಸಿ ಹುಡುಕುವುದಕ್ಕಿಂತ ಕಣ್ಣಿಗೆ ಬಿದ್ದದ್ದನ್ನು ಅಟ್ಟಿಕೊಂಡು ಹೋಗುವ ತಳಿ. ದೂರದಲ್ಲಿ ಮೊಲವೊಂದು ಅಲುಗಿದರೂ ಸಾಕು, ನಿಮ್ಮ ಪರಿಚಯ ಮರೆತುಬಿಡುತ್ತದೆ. ಬಯಲಲ್ಲಿ ಹಗ್ಗ ಬಿಚ್ಚಿದರೆ ಆ ಭಾನುವಾರ ಪೂರ್ತಿ ಅದರ ಹೆಸರು ಕೂಗುತ್ತ ಕಳೆಯುತ್ತೀರಿ.

ಬೀದಿ ನಾಯಿ: ಮನೆಯೊಳಗೆ ಬಂದ ದಿನದಿಂದ ಇದನ್ನು ‘ಇಂಡಿ’ ಎನ್ನಬೇಕು. ಬಿಸಿಲು, ಧೂಳು, ಹಳಸಿದ ಅನ್ನ ಯಾವುದಕ್ಕೂ ಜಗ್ಗದು. ಈ ಕೈಪಿಡಿಯ ಶಿಫಾರಸು ಇದೇ.

ಎಲ್ಲಿಗೆ

ಎಲ್ಲಿಗೆ ಹೋಗಬಾರದು ಎಂಬ ಪಟ್ಟಿ ಉದ್ದವಿದೆ. ನಗರದ ಹಲವು ಪಾರ್ಕು, ಕೆರೆಗಳ ಗೇಟಿನಲ್ಲೇ ನಾಯಿಗೆ ಪ್ರವೇಶವಿಲ್ಲವೆಂಬ ಬೋರ್ಡು ಸ್ವಾಗತಿಸುತ್ತದೆ. 2022ರಲ್ಲಿ ಕಬ್ಬನ್ ಪಾರ್ಕಿನಿಂದಲೂ ನಾಯಿಗಳನ್ನು ಹೊರಗಿಡುವ ಮಾತು ಎದ್ದು, ಸಾಕಿದವರ ಗಲಾಟೆಯ ನಂತರ ತಣ್ಣಗಾಯಿತು. ಬನ್ನೇರುಘಟ್ಟ, ನಾಗರಹೊಳೆಯಂಥ ರಾಷ್ಟ್ರೀಯ ಉದ್ಯಾನಗಳ ಕಾಡನ್ನಂತೂ ಮರೆತೇಬಿಡಿ. ಅಲ್ಲಿನ ನಿರ್ಬಂಧದ ಬಗ್ಗೆ ಗೊಣಗುವ ಹಕ್ಕು ನಿಮಗಿಲ್ಲ. 2018ರಲ್ಲಿ ಗಿರ್ ಅರಣ್ಯದಲ್ಲಿ ಸಿಂಹಗಳು ಸಾಲಾಗಿ ಸತ್ತಾಗ ಪತ್ತೆಯಾದ ರೋಗಗಳಲ್ಲಿ ಡಿಸ್ಟೆಂಪರ್ ಒಂದು. ಅದು ನಮ್ಮ ನಾಯಿಗಳ ಹಳೆಯ ಕಾಯಿಲೆ. ಕೊಡುಕೊಳ್ಳುವಿಕೆ ಎರಡೂ ಕಡೆಯಿಂದ ಇದೆ: ಮಾಗಡಿ, ಕನಕಪುರ, ರಾಮನಗರದ ಕಲ್ಲುಗುಡ್ಡಗಳ ಚಿರತೆಗಳಿಗೆ ನಾಯಿಯೆಂದರೆ ಬಲು ಇಷ್ಟ. ಟೆಂಟಿನ ಹೊರಗೆ ಕಟ್ಟಿ ಮಲಗುವವರು ಇದನ್ನು ನೆನಪಿಡಬೇಕು.

ಹಾಗಾದರೆ ಉಳಿಯುವುದು ಹಳ್ಳಿಯ ಕೆರೆ ಏರಿ, ಬೀಳುಬಿಟ್ಟ ಹೊಲ, ಹೆಸರಿಲ್ಲದ ಗುಡ್ಡ. ಅಷ್ಟು ಸಾಕು.

ಇಂಧನ

ಹೊರಡುವ ಹೊತ್ತಿಗೆ ಹೊಟ್ಟೆ ಬಿರಿಯ ತಿನ್ನಿಸಿದರೆ ಕೆಂಗೇರಿ ದಾಟುವಷ್ಟರಲ್ಲಿ ಹಿಂದಿನ ಸೀಟಿನ ಮೇಲೆ ವಾಪಸ್ ಬರುತ್ತದೆ. ಬಿಡದಿಯಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸಿದಾಗ ನಾಯಿಗೆ ಇಡ್ಲಿ ಕೊಡಬಹುದು, ಚಟ್ನಿ ಸಾಂಬಾರು ಬೇಡ. ಅತ್ತೆ ಡಬ್ಬಿ ತುಂಬಿ ಕಳಿಸಿದ ಚಿತ್ರಾನ್ನವೂ ಬೇಡ. ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ಬೆಂದಿದೆ ಎಂಬ ಕಾರಣಕ್ಕೆ ಸುಮ್ಮನಿರುವುದಿಲ್ಲ. ನಂದಿ ಬೆಟ್ಟದ ಕಡೆ ಹೋದವರಿಗೆ ಇನ್ನೊಂದು ಅಪಾಯ: ದೇವನಹಳ್ಳಿ, ಚಿಕ್ಕಬಳ್ಳಾಪುರದ ರಸ್ತೆಬದಿಯಲ್ಲಿ ರಾಶಿ ಹಾಕಿ ಮಾರುವ ದ್ರಾಕ್ಷಿ. ಮನುಷ್ಯರಿಗೆ ರಸ, ನಾಯಿಯ ಮೂತ್ರಪಿಂಡಕ್ಕೆ ವಿಷ. ಪ್ರೀತಿಯಿಂದ ಒಂದೇ ಒಂದು ಹಣ್ಣೂ ಕೊಡಬೇಡಿ. ಮೊಸರನ್ನ ನಡೆಯುತ್ತದೆ, ಒಗ್ಗರಣೆ ಹಾಕುವ ಮೊದಲು ಅದರ ಪಾಲು ತೆಗೆದಿಡಿ.

ಬಂಡೆಯ ಮೇಲೆ

ಅಂಗೈ ಮಗುಚಿ ಬಂಡೆಯ ಮೇಲಿಟ್ಟು ಏಳು ಎಣಿಸಿ. ನಾಲ್ಕಕ್ಕೇ ಕೈ ಕಿತ್ತುಕೊಂಡಿರಾ? ನಾಯಿ ಅದರ ಮೇಲೆ ನಾಲ್ಕು ಕಾಲಲ್ಲಿ ನಿಂತಿದೆ. ಅದಕ್ಕೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಬೆವರುವುದು ಅಂಗಾಲಲ್ಲಿ, ಅದೂ ಒಂಚೂರು. ಮಿಕ್ಕ ತಾಪವನ್ನೆಲ್ಲ ನಾಲಿಗೆ ಚಾಚಿ ತೇಕಿಯೇ ಕಳೆಯಬೇಕು. ನಾಲಿಗೆ ಅಗಲವಾಗಿ ಜೋತುಬಿದ್ದು, ಜೊಲ್ಲು ಅಂಟಂಟಾಗಿ, ನಡಿಗೆ ತಡವರಿಸತೊಡಗಿದರೆ ಫೋಟೊ ನಿಲ್ಲಿಸಿ, ನೆರಳಿಗೆ ಸೇರಿಸಿ, ಹೊಟ್ಟೆಗೂ ಪಾದಕ್ಕೂ ನೀರು ಹಾಕಿ, ಡಾಕ್ಟರ ಹತ್ತಿರ ಹೊರಡಿ. ಬೇಸಿಗೆಯಲ್ಲಿ ಒಂಬತ್ತರೊಳಗೆ ಬೆಟ್ಟ ಇಳಿದಿರಬೇಕು. ಸೂರ್ಯಾಸ್ತ ತಪ್ಪಿದರೆ ತಪ್ಪಲಿ, ನಾಯಿ ಈವರೆಗೆ ಒಂದು ಸೂರ್ಯಾಸ್ತವನ್ನೂ ಕೇಳಿಲ್ಲ.

ಊರೊಳಗೆ

ಕೈಪಿಡಿಯ ಅತಿ ಮುಖ್ಯ ಭಾಗವಿದು. ನಿಮಗೆ ಈ ಬಯಲು ಖಾಲಿಯಾಗಿ ಕಾಣುತ್ತದೆ. ಗೂಗಲ್ ನಕ್ಷೆಯಲ್ಲಿ ಬರೀ ಹಸಿರು. ನಾಯಿಗೆ ಹಾಗಲ್ಲ. ಕಾರಿನಿಂದ ಇಳಿದ ಕೂಡಲೇ ಅದು ಒಂದು ಮೈಲಿಗಲ್ಲು, ಒಂದು ಹೊಂಗೆ ಬುಡ, ಒಂದು ಪಂಪ್‌ಸೆಟ್ ಗೋಡೆ ಮೂಸುತ್ತ ಹೋಗುವುದು ಕಾಲಹರಣವಲ್ಲ. ಇಲ್ಲಿಂದ ಅಲ್ಲಿಯವರೆಗೆ ಯಾರದ್ದು, ಆಚೆಗೆ ಯಾರದ್ದು ಎಂದು ಓದಿಕೊಳ್ಳುತ್ತಿದೆ. ಎಳೆಯಬೇಡಿ. ಪಹಣಿ ನೋಡದೆ ಜಮೀನಿಗೆ ಕಾಲಿಡುತ್ತಿರುವುದು ನೀವು.

ಅರಳಿಕಟ್ಟೆಯ ಹತ್ತಿರ ಬಂದಾಗ ಮೊದಲು ಒಂದು ನಾಯಿ ಎದ್ದು ನಿಲ್ಲುತ್ತದೆ. ಬೊಗಳುವುದಿಲ್ಲ, ಬಾಲ ನೇರ. ಆಮೇಲೆ ಹುಲ್ಲಿನ ಬಣವೆಯ ಹಿಂದಿನಿಂದ ಎರಡು. ಈಗ ನಿಮ್ಮದನ್ನು ಎತ್ತಿಕೊಳ್ಳಬೇಡಿ. ಎತ್ತಿಕೊಂಡರೆ ಅವು ನಿಮ್ಮ ಎದೆಗೇ ಹಾರುತ್ತವೆ. ಓಡಲೂಬೇಡಿ. ಹಗ್ಗ ಬಿಗಿಯದೆ, ಮುಖ ಕೊಡದೆ, ಬಂದ ದಾರಿಯಲ್ಲೇ ಸಾವಕಾಶ ತಿರುಗಿ. ‘ಲೀಶ್ ನೀನ್ ತಾನೇ ಹಿಡ್ಕೊಂಡಿದ್ದು’, ‘ಈ ದಾರೀಲಿ ಬರೋಣ ಅಂದಿದ್ ಯಾರು’ ಎಂಬ ಚರ್ಚೆಯನ್ನು ಕಾರಿನವರೆಗೆ ಮುಂದೂಡಿ.

ಅಷ್ಟರಲ್ಲಿ ಕಟ್ಟೆಯ ಮೇಲಿಂದ ಒಬ್ಬ ಯಜಮಾನರು ‘ಹಚಾ’ ಅಂದರೆ ಮೂರೂ ತಣ್ಣಗೆ ಹೋಗಿ ಮಲಗುತ್ತವೆ. ತಿಂಗಳಿಗೆ ಸಾವಿರಗಟ್ಟಲೆ ಕೊಟ್ಟು ಟ್ರೈನರ್ ಕೈಲಿ ಕಲಿಸಿದ ‘ಸಿಟ್’, ‘ಸ್ಟೇ’ಗಳನ್ನು ಈ ಹೊತ್ತಿನಲ್ಲಿ ನೆನೆಯಬೇಡಿ. ಮುಂದಿನ ಸಂಭಾಷಣೆ ಎಲ್ಲ ಊರುಗಳಲ್ಲೂ ಒಂದೇ.

‘ಯಾವೂರು ಸ್ವಾಮಿ?’

‘ಬೆಂಗ್ಳೂರು.’

‘ಎಷ್ಟು ಕೊಟ್ರಿ ಇದಕ್ಕೆ?’

‘ಕೊಟ್ಟಿಲ್ಲ ತಾತ, ಬೀದೀಲಿತ್ತು, ತಂದು ಸಾಕ್ಕೊಂಡಿದೀವಿ.’

ಅವರು ನಾಯಿಯ ಎದೆಪಟ್ಟಿ, ಬೆನ್ನಿನ ಪುಟ್ಟ ಚೀಲ, ಮಡಚುವ ನೀರಿನ ಬಟ್ಟಲು ಎಲ್ಲವನ್ನೂ ನಿಧಾನವಾಗಿ ನೋಡುತ್ತಾರೆ.

‘ನಮ್ಮ ಕರಿಯನೂ ಇದೇ ಜಾತಿ. ಒಂದು ಅಂಗಿ ಹೊಲಿಸ್ಬೇಕಿತ್ತು ಅವನ್ಗೂ.’

ಇದಕ್ಕೆ ಉತ್ತರ ಈ ಆವೃತ್ತಿಯಲ್ಲಿ ಲಭ್ಯವಿಲ್ಲ. ನಕ್ಕು ಮುಂದೆ ಹೋಗಿ. ಕುರಿಮಂದೆ ಎದುರಾದರೆ ಮಾತ್ರ ನಗುವುದೂ ಬೇಡ, ರಸ್ತೆ ಬಿಟ್ಟು ಕೆಳಗಿಳಿದು, ನಾಯಿಯನ್ನು ಕೂರಿಸಿಕೊಂಡು ಕಾಯಿರಿ. ನಿಮ್ಮ ‘ಆಟ ಆಡ್ತಿದೆ ಅಷ್ಟೇ’ಯಿಂದ ಗಬ್ಬದ ಕುರಿಯೊಂದು ಬಿದ್ದರೆ ಕುರಿಗಾಹಿಯ ವರ್ಷದ ಲೆಕ್ಕ ಏರುಪೇರಾಗುತ್ತದೆ.

ನೀರು

ಮಂಚನಬೆಲೆಯ ಹಿನ್ನೀರು ಫೋಟೊಗೆ ಚೆಂದ. ಅಲ್ಲಿ ಮುಳುಗಿ ಸತ್ತ ಈಜುಗಾರರೂ ಇದ್ದಾರೆ. ದಡದಲ್ಲೇ ಇರಿ. ನಿಂತ ನೀರು ಕುಡಿಸಬೇಡಿ, ಇಲಿಜ್ವರ ಅಲ್ಲಿಂದ ಬರಬಹುದು.

ಸೇವೆ ಮತ್ತು ನಿರ್ವಹಣೆ

ಮನೆಗೆ ಬಂದಮೇಲೆ, ಸ್ನಾನಕ್ಕೂ ಮೊದಲು, ಬಾಲ್ಕನಿಯಲ್ಲಿ ಹಳೆ ಬೆಡ್‌ಶೀಟ್ ಹಾಸಿ. ಒಬ್ಬರು ಮೊಬೈಲ್ ಟಾರ್ಚ್ ಹಿಡಿಯಿರಿ, ಇನ್ನೊಬ್ಬರು ಕೂದಲು ಬಿಡಿಸಿ ನೋಡಿ. ಹೊಟ್ಟೆಯ ಕೆಳಗೆ ಉತ್ತರಾಣಿ ಬೀಜ, ಅಂಗಾಲಲ್ಲಿ ನೆಗ್ಗಿಲ ಮುಳ್ಳು ಸುಲಭಕ್ಕೆ ಸಿಗುತ್ತವೆ. ಉಣ್ಣೆಗಳು ಅಡಗುವುದು ಕಿವಿಯ ಮಡಿಕೆಯಲ್ಲಿ, ಬೆರಳ ಸಂದಿನಲ್ಲಿ, ಕೊರಳಪಟ್ಟಿಯ ಅಡಿ. ರಕ್ತ ಕುಡಿದದ್ದು ಬೂದುಬಣ್ಣದ ಹರಳಿನಂತೆ ಉಬ್ಬಿರುತ್ತದೆ, ಕುಡಿಯದ್ದು ಎಳ್ಳಿನಷ್ಟೇ ಇರುತ್ತದೆ. ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು, ತಿರುಚದೆ, ನೇರವಾಗಿ ಎಳೆದು, ಸ್ಪಿರಿಟ್ ಇರುವ ಸೀಸೆಗೆ ಹಾಕಿ. ಉಗುರಲ್ಲಿ ಕುಕ್ಕಬೇಡಿ. ಮುಂದಿನ ವಾರಗಳಲ್ಲಿ ಊಟ ಬಿಟ್ಟು ಮುದುಡಿ ಮಲಗಿದರೆ, ವಸಡು ಬಿಳಿಚಿದರೆ ಉಣ್ಣೆ ಜ್ವರವಿದ್ದೀತು; ರಕ್ತ ಪರೀಕ್ಷೆ ಮಾಡಿಸಿ. ಇಷ್ಟು ಹೊತ್ತು ಇಬ್ಬರೂ ಒಂದೇ ಕಿವಿಯ ಮೇಲೆ ಬಗ್ಗಿ ಕೂತು ಆಫೀಸಿನ ಮಾತೆತ್ತದೇ ಇದ್ದದ್ದು ಈ ಉತ್ಪನ್ನದ ಜಾಹೀರಾತು ಮಾಡದ ಸೌಲಭ್ಯ.

ಖಾತರಿ

ಹರಿದ ಸೀಟು, ಕಳೆದ ಚಪ್ಪಲಿ, ‘ನಾಯಿಗೆ ಇಷ್ಟು ಮಾಡ್ತೀರ, ನಮ್ಗೊಂದು ಮೊಮ್ಮಗು ಯಾವಾಗ’ ಎಂಬ ಭಾನುವಾರ ರಾತ್ರಿಯ ಫೋನು, ಇವು ಖಾತರಿಯ ವ್ಯಾಪ್ತಿಗೆ ಬರುವುದಿಲ್ಲ. ಕೆರೆ ದಡದ ಸತ್ತ ಮೀನಿನ ಮೇಲೆ ನಾಯಿ ಹೊರಳಿ ಬಂದ ವಾಸನೆಯೂ ಬರುವುದಿಲ್ಲ. ನಾಯಿಯ ಮೈಯಿಂದ ಅದು ಎರಡು ಸ್ನಾನಕ್ಕೆ ಹೋಗುತ್ತದೆ, ಕಾರಿನಿಂದ ಹೋಗದು. ಕಾರು ಮಾರುವ ಯೋಚನೆಯಿದ್ದರೆ ಚಳಿಗಾಲದಲ್ಲಿ, ನೆಗಡಿಯಾದ ಗಿರಾಕಿಗೆ ತೋರಿಸಿ.