ಪ್ಯಾಂಗಾಂಗ್ ದಂಡೆಗೆ ಖಡಕ್ ರೊಟ್ಟಿ

ಲಡಾಖಿಗೆ ಹೋಗಬೇಕೆಂಬ ಆಸೆ ನನ್ನಲ್ಲಿ ಹುಟ್ಟಿದ್ದು ಶುದ್ಧ ಹೊಟ್ಟೆಕಿಚ್ಚಿನಿಂದ. ಯಶವಂತಪುರದಲ್ಲಿರುವ ನನ್ನ ಓರಗಿತ್ತಿ ಹೋದ ವರ್ಷ ಗಂಡನ ಜೊತೆ ಹೋಗಿಬಂದಳು. ಬಂದವಳು ಸುಮ್ಮನಿರಬೇಕಲ್ಲ? ಪ್ಯಾಂಗಾಂಗ್ ಸರೋವರದ ದಂಡೆಯಲ್ಲಿ ಹಳದಿ ಸ್ಕೂಟರಿನ ಮೇಲೆ ಕೂತು ತೆಗೆಸಿಕೊಂಡ ಫೋಟೊವನ್ನು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದಳು. 2009ರಲ್ಲಿ ಬಂದ ‘ತ್ರೀ ಈಡಿಯಟ್ಸ್’ ಸಿನಿಮಾದ ಕೊನೆಯ ದೃಶ್ಯ ಅಲ್ಲಿಯದು. ಆಮೇಲಿಂದ ಅಂಥ ಸ್ಕೂಟರುಗಳನ್ನು ದಂಡೆಯಲ್ಲಿ ನಿಲ್ಲಿಸಿ, ದುಡ್ಡು ಇಸಿದುಕೊಂಡು ಫೋಟೊಕ್ಕೆ ಕೂರಿಸುತ್ತಾರೆ. ಕರೀನಾ ಕಪೂರಿಗೆ ಒಪ್ಪಿದ್ದು ನನ್ನ ಓರಗಿತ್ತಿಗೂ ಒಪ್ಪಿಬಿಟ್ಟಿತ್ತು, ಅದೇ ಸಂಕಟ. ‘ಸೂಪರ್ ಕಣೇ’ ಎಂದು ಟೈಪ್ ಮಾಡಿ, ಒಂದು ಹೃದಯವನ್ನೂ ಒತ್ತಿ, ಫೋನನ್ನು ದಿಂಬಿನ ಕೆಳಗೆ ತುರುಕಿ, “ರೀ, ಬರೋ ಜೂನ್‌ನಲ್ಲಿ ನಾವೂ ಹಿಮಾಲಯಕ್ಕೆ ಹೋಗೋಣ” ಎಂದೆ. ನಮ್ಮೆಜಮಾನರು ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ನನ್ನ ಮಂಡಿ ನೋಡಿದರು.

ಕಿಚ್ಚಿಗೆ ಹಳೆಯ ಸೌದೆಯೂ ಇತ್ತೆನ್ನಿ. ನಮ್ಮ ಮನೆ ಇರುವುದು ಯಲಹಂಕ ಉಪನಗರದಲ್ಲಿ. 2008ರಲ್ಲಿ ವಿಮಾನ ನಿಲ್ದಾಣ ಎಚ್‌ಎಎಲ್‌ನಿಂದ ದೇವನಹಳ್ಳಿಗೆ ಹೋದದ್ದೇ ತಡ, ‘ಅಷ್ಟು ದೂರ ಯಾರು ಬರ್ತಾರೆ’ ಎನ್ನುತ್ತಿದ್ದ ಬಂಧುಗಳಿಗೆಲ್ಲ ನಮ್ಮ ಮೇಲೆ ಅಕ್ಕರೆ ಉಕ್ಕಿತು. ಬೆಳಗಿನ ಜಾವದ ವಿಮಾನವಿದ್ದವರು ಹಿಂದಿನ ರಾತ್ರಿಯೇ ಬಂದು ಮಲಗುತ್ತಾರೆ. ಕಾರನ್ನು ನಮ್ಮ ಗೇಟಿನ ಆಚೀಚೆ ನಿಲ್ಲಿಸಿ ಹಾರಿಹೋಗುತ್ತಾರೆ. ಪಕ್ಕದ ಮನೆಯವರ ಬೈಗುಳ ನಮ್ಮ ಪಾಲಿಗೆ. ಕಾಶಿಗೆ, ದುಬೈಗೆ, ಅಮೆರಿಕದ ಬಾಣಂತನಕ್ಕೆ ಹೊರಟವರಿಗೆಲ್ಲ ರಾತ್ರಿ ಮೂರಕ್ಕೆ ಎದ್ದು ಕಾಫಿ ಕೊಟ್ಟವಳು ನಾನು. ಓರಗಿತ್ತಿ ಲಡಾಖಿಗೆ ಹೊರಟದ್ದೂ ನಮ್ಮ ಮನೆಯಿಂದಲೇ, ನಾನು ಕಟ್ಟಿಕೊಟ್ಟ ಪುಳಿಯೋಗರೆ ಹಿಡಿದುಕೊಂಡು.

ಒಂದು ಭಾನುವಾರ ಡೈನಿಂಗ್ ಟೇಬಲ್ಲಿನ ಮೇಲೆ ಸಭೆ ಸೇರಿತು. ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೆಲಸ ಮಾಡುವ ಮಗಳು ಲ್ಯಾಪ್‌ಟಾಪ್ ತೆರೆದು ಎಕ್ಸೆಲ್ ಹಾಳೆಯಲ್ಲಿ ಏಳು ಸಾಲು ಎಳೆದಳು. ಯಜಮಾನರು ಮೊದಲ ಬಾಲಿಗೇ ಸಿಕ್ಸರ್ ಎತ್ತಲು ಹೋದರು: “ಮನಾಲಿಯಿಂದ ಕಾರಿನಲ್ಲೇ ಹೋಗೋಣ. 2020ರಲ್ಲಿ ಅಟಲ್ ಸುರಂಗ ಆಗಿದೆ, ಒಂಬತ್ತು ಕಿಲೋಮೀಟರ್! ನಾನೇ ಓಡಿಸ್ತೀನಿ. ಹೆಬ್ಬಾಳ ಫ್ಲೈಓವರಿನಲ್ಲಿ ದಿನಾ ಕ್ಲಚ್ ಒತ್ತಿ ಒತ್ತಿ ಪಳಗಿದ ಕಾಲಿದು.” ಹೋಗಲು ಎರಡು ದಿನ, ಬರಲು ಎರಡು ದಿನ ರಸ್ತೆಯಲ್ಲೇ ಮುಗಿಯುತ್ತದೆ ಎಂದು ಮಗಳು ತೋರಿಸಿದ ಮೇಲೆ ಕಾಲು ಮೇಜಿನ ಕೆಳಗೆ ಹೋಯಿತು.

ಆಗ ಅತ್ತೆಯ ಪ್ರವೇಶ. ಅವರ ತವರು ಗದಗ ಜಿಲ್ಲೆಯ ಶಿರಹಟ್ಟಿ ಕಡೆ. ಬೆಂಗಳೂರಿಗೆ ಬಂದು ಎಷ್ಟು ಕಾಲವಾದರೂ ಮಾತಿನ ಖಾರ ಇಳಿದಿಲ್ಲ. “ಕೆರಿ ನೋಡಾಕಂತ ಅಷ್ಟು ದೂರ ಹೊಂಟೀರಿ ಅಂದ್ರ ಮಾನಸ ಸರೋವರಕ್ಕ ಹೋಗ್ರಿ. ಅದೂ ಕೆರೀನ. ಪುಣ್ಯಾ ಬರ್ತೈತಿ, ಮ್ಯಾಲ ಸರ್ಕಾರ ರೊಕ್ಕಾನೂ ಕೊಡ್ತೈತಿ.” ಮಾನಸ ಸರೋವರ ಯಾತ್ರಿಕರಿಗೆ ನಮ್ಮ ಮುಜರಾಯಿ ಇಲಾಖೆ ಸಹಾಯಧನ ಕೊಡುವುದು ನಿಜ. ಯಜಮಾನರು, “ಅವ್ವಾ, ಅದು ಚೀನಾದಾಗ ಐತಿ, ಲಾಟರಿಯೊಳಗ ಹೆಸರು ಬರಬೇಕು” ಎಂದು ತಿಳಿಹೇಳಿ, ಕೈಲಾಸದ ಹತ್ತಿರ ಹುಟ್ಟುವ ಸಿಂಧೂ ನದಿ ಲೇಹ್ ಪಕ್ಕದಲ್ಲೇ ಹರಿಯುತ್ತದೆಂದು ಸಮಾಧಾನ ಮಾಡಿದರು. ದಿನಾ ಸ್ನಾನದ ಹೊತ್ತಿಗೆ ಹೆಸರು ಹೇಳುವ ಏಳು ನದಿಗಳಲ್ಲಿ ಸಿಂಧುವೂ ಒಂದಲ್ಲವೇ, ಅತ್ತೆ ಮೆತ್ತಗಾದರು. ಎರಡು ಲೀಟರ್ ನೀರು ತರಬೇಕೆಂಬ ಷರತ್ತಿನ ಮೇಲೆ ನಮಗೆ ಪರವಾನಗಿ ಸಿಕ್ಕಿತು. ತಾವು ಬರುವುದಿಲ್ಲವಂತೆ. ಆ ವಾರ ಆರ್.ಟಿ. ನಗರದ ನಾದಿನಿಯೇ ನಮ್ಮ ಮನೆಗೆ ಬಂದು ಅವರ ಜೊತೆ ಇರುವುದೆಂದು ಠರಾವಾಯಿತು.

ಇಷ್ಟರ ಮೇಲೆ ಮಗಳು ಮೊದಲೆರಡು ಸಾಲಿನಲ್ಲಿ ಬರೆದಳು: ‘ವಿಶ್ರಾಂತಿ’.

ಅದೇನೆಂದು ಕೇಳಿದ್ದಕ್ಕೆ ಅವಳು ಪಾಠ ಮಾಡಿದಳು. ಬೆಂಗಳೂರು ಸಮುದ್ರಮಟ್ಟದಿಂದ 920 ಮೀಟರ್ ಎತ್ತರ, ಲೇಹ್ ಪಟ್ಟಣ ಸುಮಾರು 3,500. ನಮ್ಮ ಪಕ್ಕದ ನಂದಿಬೆಟ್ಟ 1,478 ಮೀಟರ್. ಅದರ ತಲೆಯ ಮೇಲೆ ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯ 1,925 ಮೀಟರನ್ನು ಇಟ್ಟರೂ ಲೇಹ್ ಮುಟ್ಟುವುದಿಲ್ಲ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರರಲ್ಲಿ ಎರಡು ಪಾಲು, ಖರ್ದುಂಗ್ ಲಾ ಕಣಿವೆಯ ನೆತ್ತಿಯಲ್ಲಿ ಹೆಚ್ಚುಕಡಿಮೆ ಅರ್ಧ. ಹಾಗಾಗಿ ವಿಮಾನದಲ್ಲಿ ಸೀದಾ ಹೋಗಿ ಇಳಿದವರು ಮೊದಲ ಎರಡು ದಿನ ಮೆಟ್ಟಿಲು ಹತ್ತಬಾರದು, ಭಾರ ಎತ್ತಬಾರದು, ಸುಮ್ಮನೆ ನೀರು ಕುಡಿದು ಬಿದ್ದುಕೊಂಡಿರಬೇಕು. ಇಲ್ಲದಿದ್ದರೆ ತಲೆನೋವು, ವಾಂತಿ, ಮಿತಿಮೀರಿದರೆ ಶ್ವಾಸಕೋಶಕ್ಕೆ ನೀರು ತುಂಬಿಕೊಳ್ಳುವವರೆಗೂ ಹೋಗುತ್ತದೆ.

“ಹೋಟೆಲಿಗೆ ದುಡ್ಡು ಕೊಟ್ಟು ಮಲಗೋಕೆ ಲಡಾಖಿಗೆ ಯಾಕೆ ಹೋಗ್ಬೇಕು? ಇಲ್ಲೇ ಮಲಗಬಹುದಲ್ಲ” ಎಂದರು ಯಜಮಾನರು.

“ನೀವು ಮಲಗಬಹುದು” ಎಂದೆ ನಾನು.

ಮದುವೆಯಾದಾಗಿನಿಂದ ಬಾಣಂತನ ಬಿಟ್ಟರೆ ನನ್ನನ್ನು ಎರಡು ದಿನ ಮಲಗಿರು ಎಂದವರಿಲ್ಲ. ಇಲ್ಲಿ ನೋಡಿದರೆ ವೈದ್ಯಶಾಸ್ತ್ರವೇ ಹೇಳುತ್ತಿದೆ, ಎತ್ತರವೇ ಅಪ್ಪಣೆ ಕೊಡುತ್ತಿದೆ. ಓರಗಿತ್ತಿಯ ಸ್ಕೂಟರು, ನೀಲಿ ನೀರು ಎಲ್ಲ ಮರೆತುಹೋಗಿ, ಲೇಹ್‌ನ ಯಾವುದೋ ಹೋಟೆಲಿನ ಮಂಚ ಕಣ್ಣೆದುರು ಬಂತು. ಆದರೆ ಅಭ್ಯಾಸಬಲ ನೋಡಿ: ಮಗಳು ನೀರು ಕುಡಿಯಲು ಎದ್ದುಹೋದಾಗ ನನ್ನ ಕೈ ಸುಮ್ಮನಿರದೆ ‘ವಿಶ್ರಾಂತಿ’ಯ ಪಕ್ಕದ ಚೌಕದಲ್ಲಿ ‘ಸ್ವೆಟರಿನ ಗುಂಡಿ ಹೊಲಿಯುವುದು, ಮಗನ ಕಾಲುಚೀಲ ಒಗೆಯುವುದು’ ಎಂದು ಟೈಪ್ ಮಾಡಿತ್ತು.

ಯಜಮಾನರು ಸಿದ್ಧತೆಯಲ್ಲಿ ಹಿಂದೆ ಬೀಳಲಿಲ್ಲ. ಕೊರೊನಾ ಕಾಲದ ಆಕ್ಸಿಮೀಟರನ್ನು ಅಟ್ಟದಿಂದ ಇಳಿಸಿ, ಸೆಲ್ ಹಾಕಿ, ಕಂಡಕಂಡವರ ಬೆರಳಿಗೆ ಸಿಕ್ಕಿಸತೊಡಗಿದರು. ಹಾಲಿನವನೂ ತಪ್ಪಿಸಿಕೊಳ್ಳಲಿಲ್ಲ. ಶ್ವಾಸ ಗಟ್ಟಿಮಾಡಿಕೊಳ್ಳಲು ನಮ್ಮನ್ನು ನಂದಿಬೆಟ್ಟಕ್ಕೆ, ಸುಲ್ತಾನ್‌ಪೇಟೆ ಕಡೆಯ ಮೆಟ್ಟಿಲ ದಾರಿಗೆ ಕರೆದೊಯ್ದರು. ಅರ್ಧ ದಾರಿಯಲ್ಲಿ ನಾನು ಕಲ್ಲಿನ ಮೇಲೆ ಕುಳಿತು, ಹತ್ತುವವರಿಗೆ ದಾರಿ ಬಿಡುವ ನೆಪದಲ್ಲಿ ಏಳಲೇ ಇಲ್ಲ. ಮಂಡಿಗೆ ಎಣ್ಣೆ ಹಚ್ಚಿಕೊಂಡು ಮಲಗಿದ ಮೇಲೆ ಡಾಕ್ಟರು ಹೇಳಿದರು: ಎತ್ತರದ ಕಾಯಿಲೆಗೂ ದೇಹದಾರ್ಢ್ಯಕ್ಕೂ ಸಂಬಂಧವಿಲ್ಲ, ಪೈಲ್ವಾನನಿಗೂ ಬರಬಹುದು, ಗುಡಾಣ ಹೊಟ್ಟೆಯವನು ಪಾರಾಗಬಹುದು. ಯಜಮಾನರು ತಮ್ಮ ಹೊಟ್ಟೆಯನ್ನು ಅಂದು ಮೊದಲ ಬಾರಿ ಗೌರವದಿಂದ ಸವರಿಕೊಂಡರು. ಡಾಕ್ಟರು ಬರೆದುಕೊಟ್ಟ ಅಸೆಟಜೋಲಮೈಡ್ ಮಾತ್ರೆಗೆ ಇನ್ನೊಂದು ಗುಣವಿದೆ, ಮೇಲಿಂದ ಮೇಲೆ ಮೂತ್ರಕ್ಕೆ ಓಡಿಸುವುದು. ಅಂದೇ ಎಕ್ಸೆಲ್ ಹಾಳೆಗೆ ‘ಶೌಚಾಲಯ’ ಎಂಬ ಕಾಲಂ ಸೇರಿತು. ನನ್ನ ಮಟ್ಟಿಗೆ ಇಡೀ ಯೋಜನೆಯಲ್ಲಿ ಮೊದಲು ಓದುವುದು ಅದನ್ನೇ.

ಊಟದ ವಿಷಯದಲ್ಲಿ ಮಾತ್ರ ನಾನು ಯಾರ ಮಾತೂ ಕೇಳುವವಳಲ್ಲ. ಮೇಲೇರಿದಷ್ಟೂ ಗಾಳಿಯ ಒತ್ತಡ ಕಡಿಮೆ, ನೀರು ಬೇಗ ಕುದಿಯುತ್ತದೆ. ಲೇಹ್‌ನಲ್ಲಿ ಸುಮಾರು 88 ಡಿಗ್ರಿಗೇ ಕುದಿ ಬರುತ್ತದೆ, ಪ್ಯಾಂಗಾಂಗ್‌ನಲ್ಲಿ ಅದಕ್ಕೂ ಮೊದಲೇ. ನೀರು ತಳಮಳಗುಟ್ಟುತ್ತಿದ್ದರೂ ಬೇಳೆ ಮಾತ್ರ ಬೇಯುವುದಿಲ್ಲ. ಈ ವಿಜ್ಞಾನ ತಿಳಿದ ಕ್ಷಣವೇ ನಾನು ಮೂರು ಲೀಟರಿನ ಕುಕ್ಕರನ್ನು ಸೂಟ್‌ಕೇಸಿನೊಳಗಿಟ್ಟು, ಅದರೊಳಗೆ ತೊಗರಿಬೇಳೆ, ಸಾರಿನ ಪುಡಿ, ಇಂಗಿನ ಡಬ್ಬಿ ತುಂಬಿದೆ. “ಅಮ್ಮಾ, ಲಡಾಖಿನವರೂ ಊಟ ಮಾಡ್ತಾರೆ ಕಣಮ್ಮಾ” ಎಂದಳು ಮಗಳು. ಮಾಡುತ್ತಾರೆ, ಕೇಳಿ ತಿಳಿದುಕೊಂಡಿದ್ದೇನೆ. ಥುಕ್ಪಾ, ಮೋಮೊ, ಬೆಣ್ಣೆ ಉಪ್ಪು ಹಾಕಿ ಕಡೆದ ಚಹಾ. ಬಾರ್ಲಿ ಹುರಿದು ಬೀಸಿದ ಹಿಟ್ಟನ್ನು ಆ ಚಹಾದಲ್ಲೇ ಕಲಸಿ ಉಂಡೆ ಮಾಡಿ ತಿನ್ನುತ್ತಾರಂತೆ. ಅಂದರೆ ನಮ್ಮ ಹುರಿಹಿಟ್ಟಿನ ದಾಯಾದಿ! ಇಷ್ಟು ಗೊತ್ತಾದ ಮೇಲೆ ಲಡಾಖಿನ ಮೇಲೆ ಗೌರವ ಹೆಚ್ಚಿತೇ ಹೊರತು ಕುಕ್ಕರ್ ಸೂಟ್‌ಕೇಸಿನಿಂದ ಹೊರಗೆ ಬರಲಿಲ್ಲ.

ಅದನ್ನು ಹೊರಗೆ ತೆಗೆದದ್ದು ಅತ್ತೆ. “ಕುಕ್ಕರ್ ಒಯ್ದು ಹಾಟೇಲಿನ್ಯಾಗ ಒಲಿ ಹಚ್ಚತೀಯೇನವಾ? ಖಡಕ್ ರೊಟ್ಟಿ ಒಯ್ಯಿ. ತಿಂಗಳಾದ್ರೂ ಕೆಡಂಗಿಲ್ಲ, ವಜ್ಜಿನೂ ಇಲ್ಲ” ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು. ನಾನು ದೊಡ್ಡಬಳ್ಳಾಪುರದವಳು, ಮುದ್ದೆಯ ಪಕ್ಷದವಳು, ಆದರೂ ಒಪ್ಪಲೇಬೇಕಾಯಿತು. ಲಡಾಖಿನ ಒಣಹವೆಯಲ್ಲಿ ಜೋಳದ ಖಡಕ್ ರೊಟ್ಟಿ ಮೆತ್ತಗಾಗುವ ಭಯವೂ ಇಲ್ಲ. ಅದಕ್ಕೆ ಜೊತೆಯಾಗಿ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ನನ್ನ ಮರ್ಯಾದೆಗೆಂದು ಚಟ್ನಿಪುಡಿಗೆ ಕೊಬ್ಬರಿ ಗಿಟುಕನ್ನೂ ತೆಗೆದಿಟ್ಟುಕೊಂಡಿದ್ದೆ. ‘ಅಲ್ಲೇ ತುರಿದುಕೊಂಡರೆ ತಾಜಾ ಇರುತ್ತೆ’ ಎಂಬ ನನ್ನ ಯೋಚನೆಗೆ ವಿಮಾನದವರ ನಿಷೇಧಪಟ್ಟಿ ಅಡ್ಡಬಂತು. ಒಣಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ಬಿಸಿಗೆ ಹೊತ್ತಿಕೊಳ್ಳಬಹುದಂತೆ. ಇಷ್ಟು ಕಾಲ ಸ್ಟವ್ ಪಕ್ಕದಲ್ಲೇ ಅದನ್ನಿಟ್ಟುಕೊಂಡು ಅಡುಗೆ ಮಾಡಿದ್ದೇನಲ್ಲ ಎಂದು ಮೈ ನಡುಗಿತು.

ಕೆರೆ ಯಾವುದು ಎಂಬುದರ ಮೇಲೆ ಒಂದು ಸಂಜೆ ಪೂರ್ತಿ ಜಗಳ. ಪ್ಯಾಂಗಾಂಗ್ 134 ಕಿಲೋಮೀಟರ್ ಉದ್ದ, ಇಲ್ಲಿಂದ ಮೈಸೂರಿನ ಹತ್ತಿರದವರೆಗೆ ಒಂದೇ ಕೆರೆ ಎಂದುಕೊಳ್ಳಿ. ಅದರಲ್ಲಿ ಮೂರನೇ ಒಂದು ಪಾಲು ಮಾತ್ರ ನಮ್ಮ ಕಡೆ. ಮಗ ತ್ಸೋ ಮೊರಿರಿ ಬೇಕೆಂದು ಹಟ ಹಿಡಿದ. ಅಲ್ಲಿ ಪಟ್ಟೆತಲೆ ಹೆಬ್ಬಾತು ಮರಿ ಮಾಡುತ್ತದೆ, ಹಿಮಾಲಯವನ್ನೇ ಹಾರಿ ದಾಟುವ ಹಕ್ಕಿ ಅದು ಎಂದು ಫೋಟೊ ತೋರಿಸಿದ. ಅತ್ತೆ ಕನ್ನಡಕ ಏರಿಸಿ ನೋಡಿ, “ಇದೇನೋ, ಚಳಿಗಾಲದಾಗ ನಮ್ಮ ಮಾಗಡಿ ಕೆರಿಗೆ ಬರೋ ಹಕ್ಕಿ! ಹೊಲಕ್ಕ ಇಳದು ಬೆಳಿ ಮೇಯ್ತಾವ. ಇದನ್ನ ನೋಡಾಕ ಅಲ್ಲೀಮಟಾ ಹೋಗಬೇಕೇನು?” ಎಂದರು. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಈ ಹೆಬ್ಬಾತುಗಳು ವರ್ಷವರ್ಷವೂ ಬರುವುದು, 2024ರಲ್ಲಿ ಆ ಕೆರೆ ರಾಮ್‌ಸಾರ್ ಪಟ್ಟಿಗೆ ಸೇರಿದ್ದು ಎರಡೂ ನಿಜ. ಅವುಗಳಿಗೆ ಟಿಕೆಟ್ಟಿಲ್ಲ, ಪರ್ಮಿಟ್ಟಿಲ್ಲ, ಎಕ್ಸೆಲ್ ಹಾಳೆಯಂತೂ ಇಲ್ಲವೇ ಇಲ್ಲ. ತ್ಸೋ ಮೊರಿರಿ ಬಿದ್ದುಹೋಯಿತು. ಎರಡು ದಿನ ಲೇಹ್, ಆಮೇಲೆ ಖರ್ದುಂಗ್ ಲಾ ದಾಟಿ ನುಬ್ರಾ, ಅಲ್ಲಿಂದ ಶ್ಯೋಕ್ ನದಿಯ ಪಕ್ಕದ ರಸ್ತೆ ಹಿಡಿದು ಪ್ಯಾಂಗಾಂಗ್, ಚಾಂಗ್ ಲಾ ಮೇಲೆ ವಾಪಸ್ ಲೇಹ್. ಬೆಟ್ಟದ ರಸ್ತೆ ನಮ್ಮ ಕೈಯಲ್ಲಿಲ್ಲವಾದ್ದರಿಂದ ಒಂದು ದಿನ ಕಾಯ್ದಿರಿಸಿದ್ದು.

ಹಾನ್ಲೆಗೂ ಹೋಗೋಣ, ಅಮಾವಾಸ್ಯೆಗೆ ಅಲ್ಲಿ ನಕ್ಷತ್ರ ಚೆನ್ನಾಗಿ ಕಾಣುತ್ತದೆ ಎಂದು ಮಗ ಇನ್ನೊಂದು ಗೂಗ್ಲಿ ಎಸೆದ. ‘ಅಮಾಸಿಗೆ ಹೊರಗ ಕಾಲಿಡಂಗಿಲ್ಲ’ ಎಂದು ಅತ್ತೆ ಪಂಚಾಂಗ ಮುಚ್ಚಿದರು. ಅವರ ನೆರವಿಗೆ ಯಜಮಾನರು ಒಂದು ಸಂಗತಿ ಹೇಳಿದರು. ಹಾನ್ಲೆಯ ಬೆಟ್ಟದ ಮೇಲಿರುವ ಎರಡು ಮೀಟರಿನ ದೂರದರ್ಶಕ ನಮ್ಮ ಕೋರಮಂಗಲದ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯದು. ವಿಜ್ಞಾನಿಗಳು ಹೊಸಕೋಟೆಯ ಕೇಂದ್ರದಲ್ಲಿ ಕೂತು ಉಪಗ್ರಹದ ಮೂಲಕ ಅದನ್ನು ತಿರುಗಿಸುತ್ತಾರೆ. “ನೋಡು, ಬುದ್ಧಿವಂತರು ಹೊಸಕೋಟೇಲೇ ಕೂತು ಹಾನ್ಲೆ ನೋಡ್ಕೋತಾರೆ. ನೀನು ಪ್ಯಾಂಗಾಂಗ್‌ನಲ್ಲಿ ಕೂತು ಯಲಹಂಕದ ಅಡುಗೆಮನೆ ನೋಡ್ಕೊಂಡ್ರಾಯ್ತು. ಅವ್ವನಿಗೆ ಏನು ಬೇಕಾದ್ರೂ ಫೋನ್ ಮಾಡ್ತಾಳೆ, ನನ್ನ ತಂಗೀನೂ ಮಾಡ್ತಾಳೆ.”

ಮಾಡುತ್ತಾರೆ, ಅದರಲ್ಲಿ ಸಂಶಯವೇ ಇಲ್ಲ. ಪಕ್ಕದ ಬೀದಿಯ ಮದುವೆಗೆ ಹೋದರೂ ನನಗೆ ಫೋನು ತಪ್ಪಿದ್ದಲ್ಲ. ಹೆಪ್ಪು ಎಲ್ಲಿದೆ, ಮೋಟಾರ್ ಸ್ವಿಚ್ ಯಾವುದು, ಟ್ಯಾಂಕರಿನವನ ನಂಬರ್ ಎಷ್ಟು, ಬಿಳಿ ಡಬ್ಬಿಯಲ್ಲಿರುವುದು ಉಪ್ಪೋ ಸೋಡವೋ.

ಲಗೇಜಿಗೆ ಬಂದರೆ, ವಿಮಾನದಲ್ಲಿ ತಲೆಗೆ ಹದಿನೈದು ಕೆ.ಜಿ. ತೂಕ ನೋಡಲು ಸೂಟ್‌ಕೇಸುಗಳನ್ನು ಬೀದಿ ಕೊನೆಯ ಹಳೇ ಪೇಪರ್ ಅಂಗಡಿಯ ತಕ್ಕಡಿಗೆ ಒಯ್ದೆವು. ನನ್ನದು ಇಪ್ಪತ್ತೆರಡು ತೂಗಿತು. ಅಂಗಡಿಯವನು ಬಾಯ್ತುಂಬ ನಕ್ಕು, “ಇಷ್ಟೂ ಹಾಕ್ತೀರಾ ಮೇಡಂ?” ಎಂದ. ಮನೆಗೆ ಬಂದು ಬಿಚ್ಚಿದರೆ ಭಾರವೆಲ್ಲ ಸೀರೆಗಳದು. ಪ್ಯಾಂಗಾಂಗ್ ದಂಡೆಯಲ್ಲಿ ಇಳಕಲ್ ಸೀರೆಯುಟ್ಟು, ಕೆಂಪು ಟೋಪ್ ತೆನಿ ಸೆರಗನ್ನು ಗಾಳಿಗೆ ಬಿಟ್ಟು ಫೋಟೊ ತೆಗೆಸಿಕೊಳ್ಳುವುದು ನನ್ನ ರಹಸ್ಯ ಕಾರ್ಯಕ್ರಮವಾಗಿತ್ತು. ಜೂನ್‌ನಲ್ಲೂ ಅಲ್ಲಿ ರಾತ್ರಿ ಕೊರೆಯುವ ಚಳಿಯೆಂದು ಮಗಳು ಹೆದರಿಸಿದಾಗ ಒಂದು ರಾತ್ರಿ ಕನ್ನಡಿಯ ಮುಂದೆ ರಿಹರ್ಸಲ್ ಮಾಡಿದೆ: ಒಳಗೆ ಥರ್ಮಲ್, ಅದರ ಮೇಲೆ ಸ್ವೆಟರ್, ಅದರ ಮೇಲೆ ಇಳಕಲ್, ಅದರ ಮೇಲೆ ಜಾಕೆಟ್, ತಲೆಗೆ ಮಂಕಿ ಕ್ಯಾಪ್. ನೆರಿಗೆ ಹಿಡಿಯಲು ಹೊಟ್ಟೆ ಎಲ್ಲಿದೆಯೆಂದೇ ಸಿಗಲಿಲ್ಲ. ಬಾಗಿಲಲ್ಲಿ ನಿಂತು ನೋಡಿದ ಮಗ ಏನೂ ಹೇಳದೆ ಹಿಂದಿರುಗಿದ, ಅದು ಹೇಳಿದ್ದಕ್ಕಿಂತ ಹೆಚ್ಚಾಯಿತು. ಆದರೂ ಒಂದು ಸೀರೆ ಬಂದೇ ಬರುತ್ತದೆ. ಓರಗಿತ್ತಿಯ ಸ್ಕೂಟರಿಗೆ ಉತ್ತರ ಬೇಡವೇ?

ಅವಳ ಉಪಕಾರವನ್ನೂ ಹೇಳಿಬಿಡಬೇಕು. ಮೊನ್ನೆ ಫೋನ್ ಮಾಡಿ, “ಅಕ್ಕಾ, ಒಂದು ಮರೆತಿದ್ದೆ. ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಲಡಾಖಿನಲ್ಲಿ ನಡೆಯೋದೇ ಇಲ್ಲ. ಪೋಸ್ಟ್‌ಪೇಯ್ಡ್ ಮಾಡಿಸ್ಕೊಳ್ಳಿ, ಇಲ್ದಿದ್ರೆ ವಾರ ಪೂರ್ತಿ ಯಾರಿಗೂ ಸಿಗಲ್ಲ” ಎಂದಳು. ಯಜಮಾನರದು, ಮಕ್ಕಳದು ಮೊದಲಿನಿಂದಲೂ ಪೋಸ್ಟ್‌ಪೇಯ್ಡ್. ನೀವೂ ಆ ಕಡೆ ಹೋಗುವುದಾದರೆ ತಪ್ಪದೆ ಬದಲಾಯಿಸಿಕೊಳ್ಳಿ, ಮನೆಯವರು ಗಾಬರಿಯಾಗುವುದು ತಪ್ಪುತ್ತದೆ. ನನ್ನದು ಪ್ರೀಪೇಯ್ಡ್. ಅದು ಹಾಗೆಯೇ ಇರುತ್ತದೆ.