ದಂಡವಿಲ್ಲದ ಜಲಾಭಿಷೇಕ

ಪರೋಪಕಾರಾರ್ಥವಾಗಿ ಪರದೇಶಕ್ಕೆ ಹೋದವರು ಬಹುಮಟ್ಟಿಗೆ ಸ್ವೋಪಕಾರವನ್ನೇ ಸಾಧಿಸಿಕೊಂಡು ಹಿಂದಿರುಗುತ್ತಾರೆಂಬುದಕ್ಕೆ, 2024ರ ವಸಂತದಲ್ಲಿ ಹಲಸೂರಿನ ನಮ್ಮ ಕಾಲೇಜಿನ ವಿದ್ಯಾರ್ಥಿಗಳ ಬೆನ್ನುಹತ್ತಿ ಪೋಲೆಂಡಿನ ಕ್ರಾಕೋವ್ ನಗರವನ್ನು ಸೇರಿದ ನಾನೇ ಸಾಕ್ಷಿ. ವಿದ್ಯಾರ್ಥಿಗಳು ಶಾಲೆಯೊಂದರ ಬೇಲಿಗೆ ಬಣ್ಣ ಬಳಿದರು; ನಾನು ಮೇಲ್ವಿಚಾರಣೆಯೆಂಬ ಘನಕಾರ್ಯವನ್ನು ಕುರ್ಚಿಯಲ್ಲಿ ಕುಳಿತೇ ನಿರ್ವಹಿಸಿದೆನು.

ಈಸ್ಟರಿನ ಮುನ್ನಾದಿನ ಮೊಟ್ಟೆ, ರೊಟ್ಟಿ, ಉಪ್ಪುಗಳ ಬುಟ್ಟಿಯನ್ನು ಚರ್ಚಿಗೊಯ್ದು ಪಾದ್ರಿಯ ಆಶೀರ್ವಾದ ಪಡೆದು ತರುವ ಅಲ್ಲಿಯ ಪದ್ಧತಿಯು, ಶಿವಾಜಿನಗರದ ಸಂತ ಮೇರಿ ಬಸಿಲಿಕಾದಲ್ಲಿ ಸೆಪ್ಟೆಂಬರ್ 8ರ ತೇರನ್ನು ನೋಡಿ ಬೆಳೆದ ನನಗೆ ಅಷ್ಟೇನೂ ಹೊಸದೆನಿಸಲಿಲ್ಲ. ಹೊಸದೆನಿಸಿದ್ದು ಸೋಮವಾರ. ಅಂದು, ಏಪ್ರಿಲ್ 1ನೆಯ ತಾರೀಕು, ಶ್ಮಿಗುಸ್-ಡಿಂಗುಸ್: ಕಂಡವರ ಮೇಲೆಲ್ಲ ನೀರೆರಚುವ ಹಬ್ಬ. 966ರಲ್ಲಿ ಮಿಯೆಷ್ಕೊ ದೊರೆ ಕ್ರೈಸ್ತದೀಕ್ಷೆ ಪಡೆದುದರ ಸ್ಮರಣೆ ಇದೆಂದು ಕೆಲವರು ಹೇಳುತ್ತಾರೆ. ನಮಗೆ ಊಟವಿಡುತ್ತಿದ್ದ ಅಜ್ಜಿಯ ಮೊಮ್ಮಗನಿಗೆ ಚರಿತ್ರೆಯ ಹಂಗಿರಲಿಲ್ಲ, ಬಕೆಟ್ಟಿತ್ತು.

ಆ ಬಕೆಟ್ಟಿನಿಂದ ಹೊರಟ ನೀರು ನನ್ನ ಶಿರಸ್ಸನ್ನು ಮುಟ್ಟುವುದಕ್ಕೆ ಹಿಡಿದ ಕ್ಷಣಾರ್ಧವಿದೆಯಲ್ಲ, ಅದರಲ್ಲಿ ನನ್ನ ಕಣ್ಣಿಗೆ ಕಟ್ಟಿದ್ದು ದಂಡದ ರಸೀತಿ. ಕುಡಿಯುವ ನೀರಿನಿಂದ ವಾಹನ ತೊಳೆದರೆ, ಕೈತೋಟಕ್ಕೆ ಹಾಯಿಸಿದರೆ, ಕಾರಂಜಿ ಚಿಮ್ಮಿಸಿದರೆ 5,000 ರೂಪಾಯಿ, ಮರುಕಳಿಸಿದರೆ ದಿನಕ್ಕೆ ಇನ್ನೂ 500 ರೂಪಾಯಿ ದಂಡವೆಂದು ಆ ಮಾರ್ಚ್ ತಿಂಗಳಿನಲ್ಲಿ ಬೆಂಗಳೂರು ಜಲಮಂಡಳಿಯು ಸಾರಿದ್ದುದರಿಂದ, ದಂಡಾರ್ಹನು ಎರಚಿದ ಬಾಲಕನೋ ತೊಯ್ಯಲು ನಿಂತ ನಾನೋ, ನಾನಾದರೆ ನನ್ನನ್ನು ವಾಹನವೆಂದು ಪರಿಗಣಿಸತಕ್ಕದ್ದೋ ಕೈತೋಟವೆಂದೋ, ಬಕ್ಕತಲೆಗೆ ಬಡಿದು ಮೇಲಕ್ಕೆ ಸಿಡಿಯುವ ನೀರು ಕಾನೂನಿನ ದೃಷ್ಟಿಯಲ್ಲಿ ಕಾರಂಜಿಯಾಗುವುದೋ ಇಲ್ಲವೋ ಎಂಬ ಮೀಮಾಂಸೆಯು ಇತ್ಯರ್ಥವಾಗುವ ಮೊದಲೇ ಅಭಿಷೇಕ ಮುಗಿಯಿತು. ನೀರು ಬೆನ್ನಿಗಿಳಿದೊಡನೆ ನಾಲಗೆಯು ತಾನಾಗಿಯೇ ಸ್ನಾನಮಂತ್ರವನ್ನು ಹಿಡಿದು, ಏಳು ನದಿಗಳಲ್ಲಿ ಕೊನೆಯವಳಾದ ಕಾವೇರಿಯವರೆಗೆ ಬಂದು, ವಿಸ್ಟುಲಾ ನದಿಯ ಊರಿನಲ್ಲಿ ಅವಳನ್ನು ಕರೆಯುವುದು ಯುಕ್ತವೇ ಎಂದು ಅಳುಕಿ ನಿಂತಿತು.

ಕರೆದರೂ ಕೆ.ಆರ್. ಪುರದ ಎಷ್ಟೋ ಬಡಾವಣೆಗಳಿಗೆ ಆಗ ಬಾರದಿದ್ದವಳು ಅವಳು. ಅಲ್ಲಿ ನನ್ನ ತಂಗಿ, ಕೊಳವೆಬಾವಿ ಬತ್ತಿದ ಮೇಲೆ, ಟ್ಯಾಂಕರಿನ ದಾರಿ ಕಾಯುತ್ತಿದ್ದಳು. ಐದು ಕಿಲೋಮೀಟರಿನೊಳಗೆ 12,000 ಲೀಟರಿಗೆ 1,000 ರೂಪಾಯಿ ಎಂದು ಜಿಲ್ಲಾಡಳಿತ ದರವನ್ನೇನೋ ಗೊತ್ತುಮಾಡಿತ್ತು. ದರ ಬಂದಷ್ಟು ಬೇಗ ಟ್ಯಾಂಕರು ಬರುತ್ತಿರಲಿಲ್ಲ. ಅದೇ ಬೀದಿಯಲ್ಲಿ ಬೆಳಗಿನ ಕತ್ತಲಲ್ಲೇ ಕಾರು ತೊಳೆಸುವ ಮಹನೀಯರೊಬ್ಬರಿದ್ದರು. ಲಲಿತ ಪ್ರಬಂಧದ ಭಾಷೆಯಲ್ಲಿ ಅವರನ್ನು ವರ್ಣಿಸಲಾರೆ. ಹಿಂದಿನ ರಾತ್ರಿ ಫೋನಿನಲ್ಲಿ ತಂಗಿ ಕ್ರಾಕೋವಿನ ಅರಮನೆಯನ್ನಾಗಲಿ ನನ್ನ ಆರೋಗ್ಯವನ್ನಾಗಲಿ ವಿಚಾರಿಸಿರಲಿಲ್ಲ. “ಅಣ್ಣ, ಅಲ್ಲಿ ದಿನಾ ನೀರು ಬರತ್ತಾ?” ಎಂದಿದ್ದಳು.

ನಾನು ಪ್ರತೀಕಾರಕ್ಕೆ ಏಳದೆ ನಿಂತುದನ್ನು ಕಂಡು ಮರುಗಿದ ಅಜ್ಜಿ, ತುಂಬಿದ ಬಕೆಟ್ಟನ್ನು ತಾವೇ ತಂದು ನನ್ನ ಕೈಗಿತ್ತರು. ನನ್ನ ದುರವಸ್ಥೆಯನ್ನು ಅದುವರೆಗೆ ಭಕ್ತಿಯಿಂದ ಚಿತ್ರೀಕರಿಸುತ್ತಿದ್ದ ನಮ್ಮ ಹುಡುಗನೊಬ್ಬ “ಬೇಡ ಸರ್, ಫೋನ್ ಸರ್, ಫೋನ್!” ಎಂದು ಕೂಗುತ್ತ ಓಡಿದನು. ಅರ್ಧ ಬಕೆಟ್ಟು ಅವನಿಗೆ ಸಂದಿತು. ಆ ಆನಂದವನ್ನು ಅಧ್ಯಾಪಕನಾದವನು ಬರೆದು ತೋರಿಸಬಾರದು. ಉಳಿದರ್ಧವನ್ನು ಚೆಲ್ಲಲು ಬೆಂಗಳೂರಿನ ಕೈ ಬಾರದೆ, ಅಜ್ಜಿಯ ಹೂಗಿಡಗಳ ಬುಡಕ್ಕೆ ಜೋಪಾನವಾಗಿ ಎರೆದೆನು. ಅದೂ 5,000 ರೂಪಾಯಿಯ ಬಾಬತ್ತೇ.